ಮನೆಯಲ್ಲಿ ತೋಟಾ: ಮೊದಲ ಪಾಠ ಯಾರ ಹೊಣೆ?

ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕವಚಕ್ಕೆ ಹೊಸ ಪ್ರೈಮರ್, ಮದ್ದು, ಗುಂಡು ಸೇರಿಸಿ ಮತ್ತೆ ತೋಟಾ ಮಾಡಿಕೊಳ್ಳುವುದು ಅಮೆರಿಕದಲ್ಲಿ ಹಳೆಯ ರೂಢಿ. 1870ರ ದಶಕದ ಬೈಸನ್ ಬೇಟೆಗಾರರು ಬಯಲಿನ ಬಿಡಾರಗಳಲ್ಲೇ ಈ ಕೆಲಸ ಮಾಡುತ್ತಿದ್ದರು. 1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ ಅಗ್ಗದ ಕೈ ಉಪಕರಣವೊಂದನ್ನು ರೂಪಿಸಿದ ಮೇಲೆ ಅದು ಸಾಮಾನ್ಯರಿಗೂ ಎಟುಕಿತು. 2020ರಲ್ಲಿ, ಕೊರೊನಾ ಕಾಲದಲ್ಲಿ, ಅಂಗಡಿಗಳಲ್ಲಿ ತೋಟಾ ಸಿಗದಾದಾಗ ಅನೇಕ ಹೊಸಬರು ಇತ್ತ ತಿರುಗಿದರು.

ಆತಂಕ ಈ ಹೊಸಬರ ಕುರಿತಾದುದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಅನ್ವಯ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷ ಸೆರೆವಾಸ. ಅಮೆರಿಕದ ಫೆಡರಲ್ ಕಾನೂನಾದರೋ ಮಾರಾಟಕ್ಕೆ ತಯಾರಿಸುವವನಿಂದ ಮಾತ್ರ ಲೈಸೆನ್ಸ್ ಬಯಸುತ್ತದೆ. ಸ್ವಂತ ಬಳಕೆಗೆ ತುಂಬಿಕೊಳ್ಳುವವನಿಗೆ ಕೆಲಸ ಬರುತ್ತದೆಯೇ ಎಂದೂ ಅದು ವಿಚಾರಿಸುವುದಿಲ್ಲ.

ಹೊಗೆರಹಿತ ಮದ್ದುಗಳು ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಅವು ಉರಿಯುವ ವೇಗ ಬೇರೆ ಬೇರೆ. ಡಬ್ಬಿ ಅದಲುಬದಲಾದರೆ, ಇಲ್ಲವೇ ಮಾತಿನ ಭರದಲ್ಲಿ ಒಂದೇ ಕವಚಕ್ಕೆ ಎರಡು ಸಲ ಮದ್ದು ಬಿದ್ದರೆ ಕೋವಿಯೇ ಸಿಡಿಯಬಹುದು. ಮದ್ದು ಬೀಳದೇ ಹೋದರೂ ಅಪಾಯವೇ: ಪ್ರೈಮರ್‌ನ ಬಲವೊಂದರಿಂದಲೇ ಗುಂಡು ನಳಿಗೆಯ ನಡುವೆ ಹೋಗಿ ಸಿಕ್ಕಿಕೊಳ್ಳಬಹುದು, ಅದನ್ನರಿಯದೆ ಮುಂದಿನ ತೋಟಾ ಹಾರಿಸಿದವನ ಕೈ, ಕಣ್ಣಿಗೆ ಖಾತರಿಯಿಲ್ಲ. ಪಳಗಿದವರು ಅಚ್ಚಾದ ಕೈಪಿಡಿಯ ಹೊರತು ಬೇರಾರ ಅಳತೆಯನ್ನೂ ನಂಬುವುದಿಲ್ಲ. ಮೇಜಿನ ಮೇಲೆ ಎರಡನೆಯ ಮದ್ದಿನ ಡಬ್ಬಿ ಇಡುವುದಿಲ್ಲ. (ಕೈಯಳತೆಯಲ್ಲೇ ಅಡುಗೆ ಮಾಡುವ ನಮ್ಮವರಿಗೆ ಈ ಮಡಿ ಅತಿಯೆನಿಸೀತು!) ಈ ಶಿಸ್ತು ಮೆಚ್ಚತಕ್ಕದ್ದೇ. ಆದರೆ ಹೇಳಿಕೊಡುವ ಹಿರಿಯರಿಲ್ಲದೆ, ಪೆಟ್ಟಿಗೆಯೊಡನೆ ಬಂದ ಕಾಗದವನ್ನಷ್ಟೇ ನೆಚ್ಚಿದವನಿಗೆ ಅದು ಎಲ್ಲಿಂದ ಬರಬೇಕು?

ಬೇಟೆಯ ವಿಷಯದಲ್ಲಿ ಅಮೆರಿಕ ಈ ಪ್ರಶ್ನೆಗೆ ಎಂದೋ ಉತ್ತರ ಕಂಡುಕೊಂಡಿದೆ. ನ್ಯೂಯಾರ್ಕ್ ರಾಜ್ಯ 1949ರಲ್ಲೇ ಹೊಸ ಬೇಟೆಗಾರರಿಗೆ ಸುರಕ್ಷತಾ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಉಳಿದ ರಾಜ್ಯಗಳು ಅದೇ ಹಾದಿ ಹಿಡಿದವು. ಮೊಲ ಹೊಡೆಯಲು ಹೊರಟವನು ತರಗತಿಗೆ ಹಾಜರಾಗಬೇಕು, ಅದೇ ಬೇಟೆಗೆ ಮನೆಯಲ್ಲಿ ಕೂತು ತೋಟಾ ತುಂಬುವವನಿಗೆ ಪಾಠವೇ ಬೇಡ ಎಂಬುದು ಯಾವ ತರ್ಕ?

ಸಂವಿಧಾನದ ಎರಡನೇ ತಿದ್ದುಪಡಿ ನೀಡಿದ ಹಕ್ಕಿಗೆ ಇದು ಅಡ್ಡಿಯೆಂಬ ಆಕ್ಷೇಪ ಬರುವುದು ಖಚಿತ. ತಪ್ಪಿದರೆ ತುಂಬಿದವನಿಗೇ ಪೆಟ್ಟು, ಸರ್ಕಾರಕ್ಕೇನು ಎನ್ನುವವರೂ ಇದ್ದಾರೆ. ಆದರೆ ಗುರಿಯಭ್ಯಾಸದ ಕಟ್ಟೆಯಲ್ಲಿ ಪಕ್ಕದಲ್ಲೇ ಮತ್ತೊಬ್ಬ ನಿಂತಿರುತ್ತಾನೆ. ಅಪ್ಪ ತುಂಬಿದ ತೋಟಾವನ್ನು ಮಗಳು ಹಾರಿಸುತ್ತಾಳೆ. ಪಾಠಕ್ರಮವನ್ನು ಹೊಸದಾಗಿ ಬರೆಯಬೇಕಾದ ಕಷ್ಟವೂ ಇಲ್ಲ. ಕೋವಿ ಹಕ್ಕಿನ ಕಟ್ಟಾ ಪ್ರತಿಪಾದಕ ಸಂಸ್ಥೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ತಾನೇ ಇಂಥ ತರಬೇತಿಯನ್ನು ರೂಪಿಸಿದೆ. ಮದ್ದಿನ ಮೊದಲ ಡಬ್ಬಿ ಕೊಡುವ ಮುನ್ನ ಅಂಗಡಿಯವನು ಅದರ ಪ್ರಮಾಣಪತ್ರ ಕೇಳುವಂತೆ ರಾಜ್ಯಗಳು ವಿಧಿಸಲಿ.