ಹಗಲಿನ ಬಿಸಿಲು ಇರುಳಿಗೆ
ಮಾರಿಕುಪ್ಪಂ ಸೀಮೆಯ ಚಿನ್ನದ ಗಣಿಗಳಿಗೆ 1902ರಲ್ಲಿ ದೂರದ ಶಿವನಸಮುದ್ರದಿಂದ ವಿದ್ಯುತ್ತನ್ನು ತರಬೇಕಾಯಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಅದೇ ಕೋಲಾರ ಜಿಲ್ಲೆಯ ರೈತರು ಇಂದು ಪಾಲಿಥೀನ್ ಹೊದಿಸಿದ ಹಸಿರುಮನೆಗಳಲ್ಲಿ ತರಕಾರಿ, ಹೂವು ಬೆಳೆಯುತ್ತಾರೆ. ಇವುಗಳಿಗೆ ಬೇಕಾದ ಶಾಖ ತಲೆಯ ಮೇಲೆಯೇ ಇದೆ. ತೊಡಕು ಒಂದೇ: ಹಗಲಿನಲ್ಲಿ ಅದು ಅತಿಯಾಗುತ್ತದೆ, ಮಾಗಿಯ ಇರುಳಿನಲ್ಲಿ ಎಳೆಯ ಸಸಿಗಳು ಚಳಿಗೆ ಕುಗ್ಗುತ್ತವೆ.

ಹಗಲಿನ ಕಾವನ್ನು ಇರುಳಿಗೆ ಕೂಡಿಡಲು ನೀರೇ ಸುಲಭ ಸಾಧನ. ಕಪ್ಪು ಬಳಿದ ಪೀಪಾಯಿಗಳಲ್ಲಿ ನೀರು ತುಂಬಿ, ಗಿಡಗಳ ಮೇಲೆ ನೆರಳು ಬೀಳದಂತೆ ಉತ್ತರದ ಬದಿಯಲ್ಲಿ ಸಾಲಾಗಿಡಬೇಕು. ಬಿಸಿಲಿಗೆ ಕಾದ 200 ಲೀಟರ್ ನೀರು 10 ಡಿಗ್ರಿ ತಣಿಯುವಾಗ ಬಿಟ್ಟುಕೊಡುವ ಶಾಖ 2 ಯೂನಿಟ್ ವಿದ್ಯುತ್ತಿಗೂ ಮಿಗಿಲು. ಒಂದೇ ಪೀಪಾಯಿಯಿಂದ ಇಡೀ ಹಸಿರುಮನೆ ಬೆಚ್ಚಗಾಗದು. ಪಕ್ಕದ ಸಸಿಮಡಿಗಂತೂ ಆಸರೆಯಾದೀತು, ಇಂಧನದ ಖರ್ಚಿಲ್ಲದೆ.