ಮೆನುವಿನ ಎರಡನೇ ಪುಟ

ಪುಪೂಸಾ ಎಂಬ ಹೆಸರು ಕೇಳಿದರೆ ಯಾವುದೋ ಮಕ್ಕಳ ಆಟಿಕೆ ಇರಬೇಕು ಅನಿಸುತ್ತದೆ. ತಿನ್ನುವಾಗ ಮಾತ್ರ ಅದು ನಮಗೆ ಹೊಸದಲ್ಲ. ಹೋಳಿಗೆಯ ಕಣಕದಲ್ಲಿ ಹೂರಣ ತುಂಬಿದಂತೆ ಮೆಕ್ಕೆಜೋಳದ ಹಿಟ್ಟಿನ ಉಂಡೆಯೊಳಗೆ ಅರೆದ ಕೆಂಪು ಕಾಳು, ಚೀಸ್ ತುಂಬಿ, ಎರಡು ಅಂಗೈಗಳ ನಡುವೆ ತಟ್ಟಿ ಹಂಚಿನ ಮೇಲೆ ಬೇಯಿಸಿದ ದಪ್ಪ ರೊಟ್ಟಿ ಅದು. ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ 2005ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಖಾದ್ಯವೆಂದು ಸಾರಿ, ನವೆಂಬರ್ ತಿಂಗಳ ಎರಡನೇ ಭಾನುವಾರವನ್ನು ಪುಪೂಸಾ ದಿನವೆಂದು ಗೊತ್ತುಮಾಡಿತು.

ನಾನು ಅದನ್ನು ತಿಂದದ್ದು ಆ ದೇಶದಲ್ಲಲ್ಲ. ಅಮೆರಿಕದ ಮೇರಿಲ್ಯಾಂಡಿನ ಲ್ಯಾಂಗ್ಲಿ ಪಾರ್ಕಿನಲ್ಲಿ, ವಾಷಿಂಗ್ಟನ್ ನಗರದ ಅಂಚಿನಲ್ಲಿ. ಮಗಳ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ತೊಗರಿಬೇಳೆ, ಕರಿಬೇವು ತರಲು ನಮ್ಮವರು ಹೋಗುವುದೂ ಅದೇ ಪೇಟೆಗೆ. ಹಾಗಾಗಿ ಒಂದು ಕೈಯಲ್ಲಿ ಕಿರಾಣಿ ಚೀಲ, ಇನ್ನೊಂದರಲ್ಲಿ ಮೊಮ್ಮಗಳ ಕೈ ಹಿಡಿದೇ ಒಳಗೆ ಹೋದೆವು.

ಹೋಟೆಲು ದೊಡ್ಡದೇನಲ್ಲ. ಪ್ಲಾಸ್ಟಿಕ್ ಹೊದಿಕೆಯ ಮೇಜುಗಳು, ಗೋಡೆಯ ಟೀವಿಯಲ್ಲಿ ಫುಟ್‌ಬಾಲ್, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಮಕ್ಕಳ ಎತ್ತರದ ಕುರ್ಚಿಗಳು. ಭಾನುವಾರ ಚರ್ಚ್ ಮುಗಿಸಿ ಬಂದ ಕುಟುಂಬಗಳು ಮೂರು ತಲೆಮಾರಿನ ಸಮೇತ ಕೂತಿದ್ದವು. ಮಗು ಅತ್ತರೆ ತಿರುಗಿ ನೋಡುವವರಿಲ್ಲ. ಗೋಡೆಯ ಮೇಲೆ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರ ಚಿತ್ರ. ಬಡವರ ಪರ ಮಾತಾಡಿದ್ದಕ್ಕೆ 1980ರ ಮಾರ್ಚ್ 24ರಂದು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಗೆ ಬಲಿಯಾದವರು. 2018ರಲ್ಲಿ ಅವರಿಗೆ ಸಂತ ಪದವಿ ಸಿಕ್ಕಿತು. ನಮ್ಮ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ ದೇವರ ಫೋಟೊ ಇರುವ ಜಾಗದಲ್ಲೇ ಅವರಿದ್ದರು.

ಗಾಜಿನಾಚೆ ಒಲೆಯ ಮುಂದೆ ಇಬ್ಬರು ಹೆಂಗಸರು. ಪಟ ಪಟ ಸದ್ದು ನಿಲ್ಲುತ್ತಲೇ ಇರಲಿಲ್ಲ.

"ಅವ್ವಾ, ಆಕೀ ಕೈ ನೋಡು, ಥೇಟ್ ಅಜ್ಜಿ ಹಂಗ ಬಡೀತಾಳ," ಅಂದಳು ಮಗಳು.

ಥೇಟ್ ಹಾಗೆ ಅಲ್ಲ. ನಾವು ಕೊಣಮಿಗೆಯಲ್ಲಿ ಒಂದು ಕೈಯಿಂದ ಬಡಿದು ರೊಟ್ಟಿಯನ್ನು ತಿರುಗಿಸುತ್ತೇವೆ. ಅವರು ಕೆಳಗೆ ಏನೂ ಇಲ್ಲದೆ, ಗಾಳಿಯಲ್ಲೇ, ಅಂಗೈಯಿಂದ ಅಂಗೈಗೆ ದಾಟಿಸುತ್ತಾರೆ. ಹಿಟ್ಟು ಅಂಟದಿರಲು ಮಧ್ಯೆ ಮಧ್ಯೆ ನೀರು ಎಣ್ಣೆಗೆ ಕೈ ಅದ್ದುತ್ತಾರೆ. ಜಿಗಿ ಇಲ್ಲದ ಹಿಟ್ಟನ್ನು ಒಗ್ಗಿಸುವ ಕಷ್ಟ ಮಾತ್ರ ಇಬ್ಬರದೂ ಒಂದೇ. ನಾವು ಅದಕ್ಕೆ ಕುದಿಯುವ ಎಸರು ಹಾಕುತ್ತೇವೆ. ಅವರ ಹಿರಿಯರು ಕಂಡುಕೊಂಡದ್ದು ಸುಣ್ಣ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ರುಬ್ಬುವುದು. ಹಾಗೆ ಮಾಡಿದರೆ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಕಾಳಿನೊಳಗೆ ಸಿಕ್ಕಿಬಿದ್ದ ನಯಾಸಿನ್ ಎಂಬ ಜೀವಸತ್ವವೂ ಮೈಗೆ ದಕ್ಕುತ್ತದೆ. ಯುರೋಪಿನವರು ಕಾಳನ್ನು ಒಯ್ದು ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. ಮೆಕ್ಕೆಜೋಳವನ್ನೇ ನಂಬಿದ ಇಟಲಿಯ ಬಡವರನ್ನು ಪೆಲಾಗ್ರಾ ರೋಗ ಕಾಡಿತು. ನಮ್ಮ ದಾವಣಗೆರೆ, ಹಾವೇರಿ ಕಡೆ ಇಷ್ಟೊಂದು ಮೆಕ್ಕೆಜೋಳ ಬೆಳೆದು ಹೆಚ್ಚಿನದನ್ನು ಕೋಳಿಗೆ ಹಾಕುತ್ತೇವಲ್ಲ, ಈ ಸುಣ್ಣದ ಪಾಠ ನಮಗೂ ಯಾರಾದರೂ ಹೇಳಬಹುದಿತ್ತು.

ಪುಪೂಸಾ ಜೊತೆಗೆ ಬರುವುದು ಕುರ್ತಿದೊ. ಕೋಸು, ಗಜ್ಜರಿ, ಈರುಳ್ಳಿಯನ್ನು ವಿನೆಗರಿನಲ್ಲಿ ನೆನೆಸಿ ಓರೆಗಾನೊ ಉದುರಿಸಿದ ಹುಳಿ ಕೋಸಂಬರಿ ಅನ್ನಬಹುದು. ಮೇಲೆ ತೆಳ್ಳಗಿನ ಟೊಮ್ಯಾಟೊ ಸಾರು. ಚಾಕು ಮುಳ್ಳುಚಮಚ ಬದಿಗಿಟ್ಟು ಎಲ್ಲರೂ ಕೈಯಲ್ಲೇ ತಿನ್ನುತ್ತಿದ್ದರು. ಇವರಿಗೆ ಅಷ್ಟೇ ಸಾಕಾಯಿತು, ಒಂದು ತಿಂಗಳಲ್ಲಿ ಮೊದಲ ಸಲ ಹೊರಗಡೆ ಹೊಟ್ಟೆ ತುಂಬ ಉಂಡರು. ಲೊರೊಕೊ ಎಂಬ ಬಳ್ಳಿಯ ಹಸಿರು ಮೊಗ್ಗು ಹಾಕಿದ ಪುಪೂಸಾ ನನಗೆ ಎಲ್ಲಕ್ಕಿಂತ ಹಿಡಿಸಿತು. ನುಗ್ಗೆ ಹೂವಿನ ಪಲ್ಯ ತಿಂದವರಿಗೆ ಆ ಘಮದ ದಾರಿ ಗೊತ್ತು. ಕುಡಿಯಲು ತಮರಿಂದೊ, ಅಂದರೆ ಹುಣಸೆಹಣ್ಣಿನ ಪಾನಕ. ಅನ್ನ ಮತ್ತು ಕಾಳು ಕಲಸಿ ಹುರಿದದ್ದಕ್ಕೆ ಕಸಾಮಿಯೆಂತೊ ಎನ್ನುತ್ತಾರೆ. ಮದುವೆ ಅಂತ ಅರ್ಥವಂತೆ.

ಇನ್ನು ಮೆನು. ಮೊದಲ ಪುಟದಲ್ಲಿ ಟಾಕೊ, ಬುರ್ರಿಟೊ, ಫಹೀಟಾ, ಬಣ್ಣದ ಚಿತ್ರಗಳ ಸಮೇತ. ಇವೆಲ್ಲ ಮೆಕ್ಸಿಕೋ ಕಡೆಯವು, ಅಮೆರಿಕನ್ನರಿಗೆ ಪರಿಚಯ ಇರುವಂಥವು. ಸಾಲ್ವಡಾರ್‌ನ ಸ್ವಂತ ಅಡುಗೆ ಎರಡನೇ ಪುಟದಲ್ಲಿ, ಚಿತ್ರವಿಲ್ಲದೆ. ಮರಗೆಣಸಿನ ಕರಿದ ತುಂಡು, ಕಾಲು ಸೂಪು, ಗೋಡಂಬಿಯಷ್ಟು ದಪ್ಪಗೆ ಕುದಿಸಿದ ಕಾಳು, ಕರಿದ ಬಾಳೆ.

ನನಗೆ ಇದು ಹೊಸ ನೋಟವಲ್ಲ. ಮುಂಬೈಯ ಯಾವ ಉಡುಪಿ ಹೋಟೆಲಿನ ಹಲಗೆ ನೋಡಿದರೂ ಪಾವ್‌ಭಾಜಿ, ಪಂಜಾಬಿ, ಚೈನೀಸ್ ಎಂದು ಬರೆದಿರುತ್ತದೆ. ಒಳಗೆ ಅಡುಗೆಮನೆಯಲ್ಲಿ ಮಾತ್ರ ಹುಡುಗರು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಉಣ್ಣುತ್ತಿರುತ್ತಾರೆ. ಪತ್ರೊಡೆ ಹಲಗೆಗೆ ಬರುವುದೇ ಇಲ್ಲ. ಬಂದ ಊರಿನವರಿಗೆ ಬೇಕಾದದ್ದನ್ನು ಬೇಯಿಸಿ ಹಾಕುವುದು, ನಮ್ಮದನ್ನು ನಮ್ಮವರಿಗಾಗಿ ಹಿಂದಿಟ್ಟುಕೊಳ್ಳುವುದು. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಶುರುಮಾಡಿದ ಬೋರ್ಡಿಂಗ್‌ನಂತೆ ಬಾಳೆಲೆಯ ಊಟವನ್ನೇ ಮುಂದಿಟ್ಟು ಗೆದ್ದವರೂ ಇದ್ದಾರೆ, ಆದರೆ ಅವರು ಕೆಲವರೇ.

ಸಾಲ್ವಡಾರ್‌ನವರು ವಾಷಿಂಗ್ಟನ್ನಿಗೆ ಬಂದ ಬಗೆಯೂ ನಮ್ಮವರು ಮುಂಬೈಗೆ ಬಂದದ್ದನ್ನು ನೆನಪಿಸುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಮೊದಲು ಬಂದವರು ಹೆಂಗಸರು. 1960ರ, 70ರ ದಶಕದಲ್ಲಿ ರಾಯಭಾರ ಕಚೇರಿಗಳ, ಸರ್ಕಾರಿ ಅಧಿಕಾರಿಗಳ ಮನೆಗೆಲಸಕ್ಕೆ, ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಬಂದರು. ಒಬ್ಬಳು ಇನ್ನೊಬ್ಬಳನ್ನು ಕರೆದಳು. ಇಂತಿಪುಕಾ ಎಂಬ ಒಂದೇ ಊರಿನ ಎಷ್ಟೋ ಜನ ಈ ನಗರಕ್ಕೆ ಬಂದು ಸೇರಿದರು. ಆಮೇಲೆ 1980ರಿಂದ 1992ರವರೆಗಿನ ಅಂತರ್ಯುದ್ಧ. ಸುಮಾರು 75,000 ಜನ ಸತ್ತರು, ಲಕ್ಷಗಟ್ಟಲೆ ಜನ ಊರು ಬಿಟ್ಟರು. ಈಗ ವಾಷಿಂಗ್ಟನ್ ಸುತ್ತಮುತ್ತ ವಲಸಿಗರಲ್ಲಿ ಅವರದೇ ದೊಡ್ಡ ಸಂಖ್ಯೆ.

ಮಗಳಿಗೆ ಅಲ್ಪಸ್ವಲ್ಪ ಸ್ಪ್ಯಾನಿಶ್ ಬರುತ್ತದೆ. ಬಡಿಸುತ್ತಿದ್ದ ಹೆಂಗಸಿಗೆ ಐವತ್ತು ದಾಟಿರಬೇಕು. ನಾನು ಒಲೆಯ ಕಡೆ ನೋಡುತ್ತಿದ್ದುದನ್ನು ಕಂಡು, ನಿಮ್ಮಲ್ಲೂ ಮಾಡುತ್ತೀರಾ ಎಂದು ಕೇಳಿದಳು. ನಾನು ಕೈಯಲ್ಲಿ ಬಡಿದು ತೋರಿಸಿದೆ. ನಕ್ಕಳು. ಮಾತು ಮುಂದುವರಿದಾಗ ತಿಳಿಯಿತು, ಮಗನನ್ನು ತಾಯಿಯ ಹತ್ತಿರ ಬಿಟ್ಟು 2000ದಲ್ಲಿ ಬಂದವಳು. ಮರುವರ್ಷ ಜನವರಿ, ಫೆಬ್ರವರಿಯಲ್ಲಿ ಅಲ್ಲಿ ಎರಡು ದೊಡ್ಡ ಭೂಕಂಪಗಳಾದವು. ಆಗ ಇಲ್ಲಿದ್ದವರಿಗೆ ಅಮೆರಿಕ ತಾತ್ಕಾಲಿಕವಾಗಿ ಉಳಿಯುವ, ದುಡಿಯುವ ಅನುಮತಿ ಕೊಟ್ಟಿತು. ಒಂದು ಸಲಕ್ಕೆ ಹೆಚ್ಚೆಂದರೆ 18 ತಿಂಗಳು. 2018ರಲ್ಲಿ ನಿಲ್ಲಿಸುತ್ತೇವೆ ಎಂದರು, ನ್ಯಾಯಾಲಯದಲ್ಲಿ ತಡೆ ಸಿಕ್ಕಿತು. ಊರಿಗೆ ಹೋಗಿಬರಲು ಮೊದಲೇ ಬೇರೆ ಅಪ್ಪಣೆ ಬೇಕು.

"ಅವ್ವನ ಮಣ್ಣಿಗೂ ಹೋಗಲಿಕ್ಕೆ ಆಗಲಿಲ್ಲಂತ," ಅಂದಳು ಮಗಳು, ಮೆಲ್ಲಗೆ. ಆಕೆ ಅಷ್ಟರಲ್ಲಿ ಪಕ್ಕದ ಮೇಜಿಗೆ ಹೋಗಿದ್ದಳು.

ತಾತ್ಕಾಲಿಕ ಎಂಬ ಪದದೊಳಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ! ಗಲ್ಲಾಪೆಟ್ಟಿಗೆಯ ಹತ್ತಿರ ಊರಿಗೆ ಹಣ ಕಳಿಸುವ ಕಂಪನಿಗಳ ಕರಪತ್ರಗಳಿದ್ದವು. ಎಲ್ ಸಾಲ್ವಡಾರ್‌ನ ಒಟ್ಟು ಆದಾಯದ ಐದನೇ ಒಂದು ಪಾಲಿಗೂ ಮಿಕ್ಕಿ ಹೀಗೆ ಹೊರಗಿನವರು ಕಳಿಸಿದ ಹಣ. ಮುಂಬೈಯಲ್ಲಿ ನಮ್ಮ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಊರಿಗೆ ಮನಿಯಾರ್ಡರ್ ಕಳಿಸುತ್ತಿದ್ದರು. ಆದರೆ ಅಪ್ಪ ತೀರಿಕೊಂಡರೆ ರಾತ್ರಿ ಬಸ್ಸು ಹತ್ತಬಹುದಿತ್ತು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ.

ಪಕ್ಕದ ಮೇಜಿನ ಅಜ್ಜಿ ಸ್ಪ್ಯಾನಿಶಿನಲ್ಲಿ ಕೇಳುತ್ತಿದ್ದಳು, ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. ಅವನ ಮುಂದೆ ಚಿಕನ್ ನಗೆಟ್ಸ್. ಆಕೆ ತನ್ನ ಪುಪೂಸಾದ ಒಂದು ತುಂಡು ಮುರಿದು ಅವನ ತಟ್ಟೆಯಂಚಿಗೆ ಇಟ್ಟಳು. ಅವನು ಚೀಸಿನ ಎಳೆ ಎಳೆದು ಆಡಿದ, ಆಮೇಲೆ ತಿಂದ, ಇನ್ನೊಂದು ತುಂಡಿಗೆ ಕೈ ಚಾಚಿದ. ನಮ್ಮವಳು ಇದನ್ನೆಲ್ಲ ನೋಡಿ "ಅಜ್ಜಿ, ಇದು ನಿನ್ನ ಟೋರ್ಟಿಯಾ ಥರಾನೇ ಇದೆ" ಅಂದಳು. ಮನೆಯಲ್ಲಿ ನಾನು ಬಡಿಯುವ ಜೋಳದ ರೊಟ್ಟಿಗೆ ಅವಳು ಇಟ್ಟ ಹೆಸರು ಅದು. ಆರು ವರ್ಷದವಳಿಗೆ ತಿದ್ದಲಿಲ್ಲ. ತಿನ್ನುತ್ತಾಳಲ್ಲ.

ಮಕ್ಕಳ ಮನೆಗೆಂದು ಆ ಕಡೆ ಹೋಗುವ ಸಸ್ಯಾಹಾರಿಗಳಿಗೆ ಒಂದೆರಡು ಮಾತು. "ಫ್ರಿಹೋಲ್ ಕೋನ್ ಕೇಸೊ" ಅಂದರೆ ಕಾಳು ಚೀಸ್, "ಲೊರೊಕೊ ಕೋನ್ ಕೇಸೊ" ಅಂದರೆ ಮೊಗ್ಗು ಚೀಸ್. "ರೆವುಯೆಲ್ತಾ" ಎಂದಿದ್ದರೆ ಹಂದಿಮಾಂಸ ಇರುತ್ತದೆ. ಕಾಳಿಗೆ ಮಾಂತೇಕಾ, ಅಂದರೆ ಹಂದಿ ಕೊಬ್ಬು, ಹಾಕಿದ್ದೀರಾ ಎಂದು ಕೇಳಿ. ಹೋಟೆಲಿಂದ ಹೋಟೆಲಿಗೆ ಉತ್ತರ ಬೇರೆ. ಹಂಚು ಎಲ್ಲದಕ್ಕೂ ಒಂದೇ, ತೀರ ಮಡಿಯವರಿಗೆ ಆಗದು. ಒಬ್ಬರಿಗೆ ಎರಡು ಸಾಕು. ಭಾನುವಾರ ಮಧ್ಯಾಹ್ನ ಹೋದರೆ ಅರ್ಧ ಗಂಟೆ ಕಾಯಬೇಕು. ಬರುವಾಗ ಕೇಸಾದಿಯಾ ಕಟ್ಟಿಸಿಕೊಳ್ಳಿ. ಅದು ಮೆಕ್ಸಿಕೋದ ರೊಟ್ಟಿಯಲ್ಲ, ಎಳ್ಳು ಉದುರಿಸಿದ ಸಿಹಿ ಚೀಸ್ ಕೇಕು. ಮರುದಿನ ಬೆಳಿಗ್ಗೆ ಚಹಾದ ಜೊತೆಗೆ ಇನ್ನೂ ಚೆನ್ನಾಗಿರುತ್ತದೆ.