ಎರೆ ಭೂಮಿಯ ಕಬ್ಬಿಗೆ ಯೂರಿಯಾ: ಅಗ್ಗದ ಗೊಬ್ಬರ, ದುಬಾರಿ ಲೆಕ್ಕ

ಬೆಳಗಾವಿ: ಟನ್ ಕಬ್ಬಿಗೆ 3,500 ರೂ. ದರ ನೀಡುವಂತೆ ಆಗ್ರಹಿಸಿ 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ನಡೆದ ರೈತರ ಹೋರಾಟ ಇಡೀ ರಾಜ್ಯದ ಗಮನ ಸೆಳೆಯಿತು. ಆದರೆ ಬೆಳೆಗಾರನ ಆದಾಯವನ್ನು ನಿರ್ಧರಿಸುವ ಮತ್ತೊಂದು ಅಂಶ ದರದಷ್ಟು ಚರ್ಚೆಗೆ ಒಳಗಾಗುವುದಿಲ್ಲ. ಅದು ಎರೆ ಭೂಮಿಗೆ ಸುರಿಯುವ ಯೂರಿಯಾ.

ಉತ್ತರ ಕರ್ನಾಟಕದ ನೀರಾವರಿ ಕಬ್ಬಿಗೆ ಹೆಕ್ಟೇರಿಗೆ ಸುಮಾರು 250 ಕಿಲೋ, ಅಂದರೆ ಎಕರೆಗೆ 100 ಕಿಲೋ ಸಾರಜನಕ ಶಿಫಾರಸು ಮಾಡಲಾಗಿದೆ. ಯೂರಿಯಾದಲ್ಲಿ ಸಾರಜನಕದ ಪ್ರಮಾಣ ಶೇ 46. ಆ ಲೆಕ್ಕದಲ್ಲಿ 45 ಕಿಲೋ ತೂಕದ ಐದು ಚೀಲಗಳೇ ಧಾರಾಳ. ಡಿಎಪಿ ಹಾಕಿದವರಿಗೆ ಅಷ್ಟೂ ಬೇಕಿಲ್ಲ. ಹೀಗಿದ್ದರೂ ಬೆಳೆ ಕೊಂಚ ಹಳದಿಯಾದೊಡನೆ ಮತ್ತೊಂದು ಚೀಲ ಎರಚುವ ರೂಢಿ ಬಿಟ್ಟಿಲ್ಲ.

ಎಲ್ಲಿ ಹೋಗುತ್ತದೆ ಸಾರಜನಕ?

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಣಿವೆಗಳ ಎರೆ ಮಣ್ಣು ಜಿಗುಟು. ನೀರು ಬೇಗ ಬಸಿಯುವುದಿಲ್ಲ. ಸಾಲುಗಳಲ್ಲಿ ನೀರು ನಿಂತಾಗ ಮಣ್ಣಿನೊಳಗೆ ಆಮ್ಲಜನಕ ಇಲ್ಲದಾಗಿ, ಸೂಕ್ಷ್ಮಾಣುಗಳು ನೈಟ್ರೇಟನ್ನು ಅನಿಲವಾಗಿ ಪರಿವರ್ತಿಸುತ್ತವೆ. ಅದರಲ್ಲಿ ಭೂಮಿಯ ತಾಪಮಾನ ಏರಿಸುವ ನೈಟ್ರಸ್ ಆಕ್ಸೈಡ್ ಕೂಡ ಸೇರಿದೆ. ಕ್ಷಾರ ಗುಣದ ಈ ಮಣ್ಣಿನ ಮೇಲ್ಮೈಯಲ್ಲಿ ಎರಚಿದ ಯೂರಿಯಾ ಅಮೋನಿಯಾ ಆಗಿಯೂ ಹಾರಿಹೋಗುತ್ತದೆ. ಅಂದರೆ ನೀರು ನಿಂತ ಹೊಲದ ಹಳದಿ ಎಲೆಗೆ ಔಷಧ ಗೊಬ್ಬರವಲ್ಲ, ಬಸಿಗಾಲುವೆ. 2015ರಲ್ಲಿ ಕಡ್ಡಾಯವಾದ ಬೇವು ಲೇಪನವು ಈ ನಷ್ಟವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಅತಿಯಾಗಿ, ತಡವಾಗಿ ನೀಡಿದ ಸಾರಜನಕದಿಂದ ಕಬ್ಬು ಸೊಕ್ಕಿ ಬೆಳೆದು ನೆಲಕ್ಕೊರಗುತ್ತದೆ, ಮಾಗುವುದು ತಡವಾಗಿ ರಸದಲ್ಲಿ ಸಕ್ಕರೆ ಅಂಶ ಕುಗ್ಗುತ್ತದೆ.

ನೀತಿಯದೇ ಪಾಲು

ತಪ್ಪು ರೈತನದೊಂದೇ ಅಲ್ಲ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಜಾರಿಯಾದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. ಯೂರಿಯಾ ಚೀಲ 270 ರೂಪಾಯಿಯೊಳಗೇ ಸಿಗುತ್ತಿದ್ದರೆ, ಡಿಎಪಿ ಚೀಲಕ್ಕೆ 1,350 ರೂ. ತೆರಬೇಕು. ಕೈಗೆಟುಕುವ ಗೊಬ್ಬರವನ್ನೇ ರೈತ ಹೆಚ್ಚು ಬಳಸುವುದು ಸಹಜ.

ದರ ಪದ್ಧತಿಯೂ ಇದಕ್ಕೆ ಇಂಬು ನೀಡುತ್ತಿದೆ. 2025-26ನೇ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ಎಫ್‌ಆರ್‌ಪಿ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂ. ಇಳುವರಿ ಶೇ 0.1ರಷ್ಟು ಹೆಚ್ಚಿದರೆ ಕ್ವಿಂಟಲ್‌ಗೆ 3.46 ರೂ. ಅಧಿಕ. ಆದರೆ ಇಳುವರಿ ಲೆಕ್ಕ ಇಡೀ ಕಾರ್ಖಾನೆಯ ಸರಾಸರಿಯದು. ಮಿತವಾಗಿ ಗೊಬ್ಬರ ಹಾಕಿ ಸಕ್ಕರೆ ಅಂಶ ಉಳಿಸಿಕೊಂಡವನಿಗೂ, ತೂಕಕ್ಕಾಗಿ ಯೂರಿಯಾ ಸುರಿದವನಿಗೂ ಒಂದೇ ದರ. ಒಬ್ಬೊಬ್ಬರ ಲೆಕ್ಕದಲ್ಲಿ ಲಾಭವೆಂದು ಕಂಡದ್ದು ಎಲ್ಲರ ಸರಾಸರಿಯನ್ನು ಕೆಳಗಿಳಿಸುತ್ತದೆ.

ಪರಿಹಾರ ಹೊಸದೇನಲ್ಲ. ಮಣ್ಣು ಪರೀಕ್ಷೆ, ಕಂತುಗಳಲ್ಲಿ ಮೇಲುಗೊಬ್ಬರ, ಗೊಬ್ಬರವನ್ನು ಮಣ್ಣಿನಲ್ಲಿ ಮುಚ್ಚುವುದು, ಬೋದು ಏರಿಸಿದ ನಂತರ ಸಾರಜನಕ ನಿಲ್ಲಿಸುವುದು, ರವದಿಗೆ ಬೆಂಕಿಯಿಡದೆ ಹೊಲದಲ್ಲೇ ಕೊಳೆಯಿಸುವುದು, ಸಾಧ್ಯವಿದ್ದಲ್ಲಿ ಹನಿ ನೀರಾವರಿಯ ಮೂಲಕವೇ ಗೊಬ್ಬರ ಕೊಡುವುದು. ಆದರೆ ಸಕ್ಕರೆ ಅಂಶಕ್ಕೆ ತಕ್ಕ ಬೆಲೆ ಬೆಳೆದವನ ಕೈಗೇ ಸೇರುವ ವ್ಯವಸ್ಥೆ ಬಾರದಿದ್ದಲ್ಲಿ, ಈ ಸಲಹೆಗಳು ಕರಪತ್ರಗಳಲ್ಲೇ ಉಳಿಯುವ ಸಾಧ್ಯತೆ ಹೆಚ್ಚು.